ಪದಚರ್ಚೆ: ‘ಹಿಂಗಾಲಿ ಹಡಗು’ ಎನ್ನಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕೆನಡಾದ ಯೂಕಾನ್ ನದಿಯಲ್ಲಿ ಓಡುತ್ತಿದ್ದ ‘ಎಸ್.ಎಸ್. ಕ್ಲಾಂಡೈಕ್’ ಹಡಗಿನ ಚರಿತ್ರೆಯನ್ನು ಹೈಸ್ಕೂಲು ಮಕ್ಕಳೂ ಓದುವ ಹಾಗೆ ಕನ್ನಡಕ್ಕೆ ತರಬೇಕಾಗಿದೆ. ಈ ಜಾತಿಯ ಹಡಗಿಗೆ ಇಂಗ್ಲಿಷಿನವರು ಸ್ಟರ್ನ್‌ವ್ಹೀಲರ್ ಎನ್ನುತ್ತಾರೆ. ನೀರು ತಳ್ಳುವ ದೊಡ್ಡ ಚಕ್ರ ಹಿಂಬದಿಯಲ್ಲಿ, ಹಡಗಿನ ಪೂರ್ತಿ ಅಗಲಕ್ಕೆ ಇರುತ್ತದೆ. ಸದ್ಯಕ್ಕೆ ‘ಹಿಂಗಾಲಿ’ ಎಂದು ಹಾಕಿಕೊಂಡಿದ್ದೇನೆ. ಕರಡಿನ ಒಂದು ತುಂಡು ಹೀಗಿದೆ:

“ಎಸ್.ಎಸ್. ಕ್ಲಾಂಡೈಕ್ 64 ಮೀಟರ್ ಉದ್ದದ ಹಿಂಗಾಲಿ ದೋಣಿ. 1929ರಲ್ಲಿ ಮೊದಲನೆಯದು ಕಟ್ಟಲ್ಪಟ್ಟಿತು. 1936ರಲ್ಲಿ ಅದು ನೆಲಕಚ್ಚಿದಾಗ, ಅದರ ಎಂಜಿನ್, ಬಾಯ್ಲರ್‌ಗಳನ್ನೇ ಬಳಸಿ 1937ರಲ್ಲಿ ಎರಡನೆಯದನ್ನು ಕಟ್ಟಿದರು. ಅದರ ಇಳಿತ ಬಹಳ ಕಡಿಮೆ. ಹಂದಿ ಸರಪಳಿಗಳು ಅದರ ಮೈಯನ್ನು ಬಿಗಿಹಿಡಿದಿದ್ದವು. ಕಾಂಪೌಂಡ್ ಎಂಜಿನ್‌ಗಳು ಪಿಟ್‌ಮನ್‌ಗಳ ಮೂಲಕ ಚಕ್ರ ತಿರುಗಿಸಿದರೆ ಚಕ್ರದ ಬಕೆಟ್‌ಗಳು ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ಬಾರ್‌ಗೆ ಸಿಕ್ಕಿಕೊಂಡರೆ ಮಿಡತೆ ಹಾಕುತ್ತಿದ್ದರು. ದಾರಿಯುದ್ದಕ್ಕೂ ಕಾರ್ಡ್ ಲೆಕ್ಕದಲ್ಲಿ ಸೌದೆ ಕೊಳ್ಳುತ್ತಿದ್ದರು. 300 ಟನ್ ಸರಕು ಹಿಡಿಯುತ್ತಿತ್ತು. ಚಳಿಗಾಲದಲ್ಲಿ ಅದನ್ನು ದಾರಿಗಳ ಮೇಲೆ ಎಳೆದಿಡುತ್ತಿದ್ದರು.”

ಓದಿ ನೋಡಿದರೆ ಹಂದಿ, ಮಿಡತೆ, ಬಾರು, ಕಾರ್ಡು ಎಲ್ಲ ಸೇರಿ ಏನೋ ಆಗಿಬಿಟ್ಟಿದೆ. ಎಲ್ಲೆಲ್ಲಿ ಕನ್ನಡದ ಮಾತು ಇದೆ, ಎಲ್ಲಿ ಇಂಗ್ಲಿಷ್ ಪದವನ್ನೇ ಉಳಿಸುವುದು ವಾಸಿ, ತಿಳಿದವರು ಹೇಳಬೇಕು.

ಉತ್ತರ 1

ನಮಸ್ಕಾರ. ಯಂತ್ರದ ಮಾತನ್ನು ಬಲ್ಲವರು ಬೇರೆ ಬರೆಯುತ್ತಾರೆ. ನಾನು ಹಡಗು, ನೀರು, ಅಳತೆ ಇವಿಷ್ಟರ ಪದಗಳನ್ನು ಹಿಡಿದುಕೊಳ್ಳುತ್ತೇನೆ.

ಮೊದಲು ‘ಹಿಂಗಾಲಿ’. ಹಿಂದಣ ಗಾಲಿ ಹಿಂಗಾಲಿ ಎನ್ನುವುದರಲ್ಲಿ ವ್ಯಾಕರಣದ ತಪ್ಪೇನಿಲ್ಲ. ತೊಂದರೆ ಇರುವುದು ಕಿವಿಯಲ್ಲಿ. ಕನ್ನಡದ ಕಿವಿಗೆ ಹಿಂಗಾಲು ಮುಂಗಾಲು ಎಂಬ ಜೋಡಿ ಅಷ್ಟು ಗಟ್ಟಿಯಾಗಿ ಕೂತಿದೆ. ‘ಹಿಂಗಾಲಿಯ ಹಡಗು’ ಎಂದು ಬರೆದರೂ ಓದುವವರು ‘ಹಿಂಗಾಲಿನ’ ಎಂದೇ ಓದುತ್ತಾರೆ, ಹಡಗು ಕುದುರೆಯಂತೆ ಕಾಲೆತ್ತಿ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಒಂದು ಅಕ್ಷರದ್ದು. ಲಕಾರದ ಜಾಗದಲ್ಲಿ ಳಕಾರ ಬಿದ್ದರೆ ‘ಹಿಂಗಾಳಿ’. ಬೇರೆ ವಿಷಯವಾಗಿದ್ದರೆ ಇದು ಬರೀ ಕಾಗುಣಿತದ ತಪ್ಪು. ಹಡಗಿನ ಲೇಖನದಲ್ಲಿ ಹಿಂಗಾಳಿ ಎಂದರೆ ಹಿಂದಿನಿಂದ ಬೀಸುವ ಅನುಕೂಲದ ಗಾಳಿ ಎಂದು ಅರ್ಥವೇ ಬದಲಾಗುತ್ತದೆ, ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ.

ಅರ್ಥದ ದೃಷ್ಟಿಯಿಂದಲೂ ಗಾಲಿ ಹೊಂದುವುದಿಲ್ಲ. ಗಾಲಿ ನೆಲದ ಮೇಲೆ ಉರುಳುವಂಥದ್ದು: ಬಂಡಿಯ ಗಾಲಿ, ತೇರಿನ ಗಾಲಿ. ಇದ್ದ ಜಾಗದಲ್ಲೇ ತಿರುಗುತ್ತ ಇನ್ನೊಂದನ್ನು ಚಲಿಸುವಂಥದ್ದಕ್ಕೆ ನಮ್ಮಲ್ಲಿ ರಾಟೆ ಇದೆ. ಬಾವಿಯ ರಾಟೆ, ನೂಲುವ ರಾಟೆ, ನೀರೆತ್ತುವ ರಾಟೆ. ಗುಣದಲ್ಲಿ ಇದೇ ಹತ್ತಿರದ ಪದ. ಆದರೆ ಇದೇ ಲೇಖನದಲ್ಲಿ ಹಗ್ಗ ಸುತ್ತುವ ಯಂತ್ರವೂ ಬರುತ್ತದೆ, ಅದಕ್ಕೂ ರಾಟೆ ಎಂದರೆ ಗೊಂದಲ. ಹಾಗಾಗಿ ಚಕ್ರವೇ ಇರಲಿ. ‘ಹಿಂಚಕ್ರದ ಉಗಿಹಡಗು’, ಎರಡು ಪಕ್ಕದಲ್ಲಿ ಚಕ್ರ ಇರುವುದಕ್ಕೆ ‘ಪಕ್ಕಚಕ್ರದ ಉಗಿಹಡಗು’. ಮೊದಲ ಸಲ ಮಾತ್ರ ‘ಹಿಂಬದಿಯಲ್ಲಿ ಚಕ್ರವಿರುವ’ ಎಂದು ಬಿಡಿಸಿ ಬರೆಯಿರಿ.

ದೋಣಿಯೋ ಹಡಗೋ? ಅಮೆರಿಕ, ಕೆನಡಾದ ನದಿಯವರು ಎಷ್ಟು ದೊಡ್ಡದಾದರೂ ‘ಬೋಟ್’ ಎನ್ನುತ್ತಾರೆ, ‘ಶಿಪ್’ ಸಮುದ್ರದ್ದು. ಕನ್ನಡದಲ್ಲಿ ಈ ಭೇದ ಗಾತ್ರವನ್ನು ನೋಡುತ್ತದೆ, ನೀರನ್ನಲ್ಲ. 64 ಮೀಟರ್ ಉದ್ದ, ಮೇಲೆ ಅಂತಸ್ತುಗಳು, ಅಡುಗೆಮನೆ, ಊಟದ ಕೋಣೆ ಇರುವುದನ್ನು ದೋಣಿ ಎಂದರೆ ಮಕ್ಕಳು ಹುಟ್ಟು ಹಾಕುವ ಅಂಬಿಗನನ್ನು ಹುಡುಕುತ್ತಾರೆ. ಹಡಗು ಸರಿ. ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಹಿಂದಿನವರು ಮರಾಠಿಯ ಕಡೆಯಿಂದ ಬಂದ ‘ಆಗಬೋಟು’ ಎನ್ನುತ್ತಿದ್ದರು. ಆಗ್ ಎಂದರೆ ಬೆಂಕಿ. ಬೆಂಕಿಯ ಹಡಗು ಎಂಬುದು ಎಷ್ಟು ಚೆನ್ನಾಗಿದೆ! ಆದರೆ ಅದರ ಜೊತೆ ಮುಂಬಯಿ, ಕಾರವಾರ, ಮಂಗಳೂರಿನ ಕಡಲ ವಾಸನೆ ಬರುತ್ತದೆ, ಯೂಕಾನಿಗೆ ಬೇಡ. ‘ಸ್ಟೀಮರ್’ ಎಂದು ಬಿಟ್ಟರೆ ಇಂದಿನ ಮಕ್ಕಳಿಗೆ ಇಡ್ಲಿಪಾತ್ರೆ.

ಉಗಿ, ಹಬೆ, ಆವಿ ಮೂರನ್ನೂ ಕರಡಿನಲ್ಲಿ ಕಲಸಬೇಡಿ. ಬಾಯ್ಲರಿನೊಳಗೆ ಒತ್ತಡದಲ್ಲಿ ಕೆಲಸ ಮಾಡುವುದು ಉಗಿ, ಅದು ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಬಂದು ತಣಿದು ಬೆಳ್ಳಗೆ ಕಾಣುವುದು ಹಬೆ. ಬಿಸಿಲಿಗೆ ಕೆರೆಯ ನೀರು ಆರುವುದು ಆವಿ. ಚಿಮಣಿಯ ಮೇಲಿನ ಬಿಳಿ ಮೋಡವನ್ನು ವರ್ಣಿಸುವ ಕಡೆ ‘ಹಬೆ’ ಎನ್ನಿ, ಎಂಜಿನ್ ಬಂದಾಗ ‘ಉಗಿ’ ಎನ್ನಿ.

‘ಇಳಿತ’ವನ್ನು ದಯವಿಟ್ಟು ತೆಗೆಯಿರಿ. ಭರತ ಇಳಿತ ಕಡಲಿನದು. ಇಲ್ಲಿ ಬೇಕಾದದ್ದು ಹಡಗಿನ ತಳ ನೀರಿನಲ್ಲಿ ಎಷ್ಟು ಆಳ ಮುಳುಗಿರುತ್ತದೆ ಎಂಬುದು. ‘ಮುಳುಗಾಳ’ ಎಂದು ಒಂದೇ ಪದ ಮಾಡಬಹುದು. ಮೊದಲ ಸಲ ವಿವರಿಸಿದರೆ ಮುಂದೆ ತಾನೇ ನಡೆಯುತ್ತದೆ. ಈ ಹಡಗುಗಳ ಬದುಕೇ ಮುಳುಗಾಳದ ಮೇಲೆ ನಿಂತಿತ್ತು, ಆದ್ದರಿಂದ ಪದ ಗಟ್ಟಿಯಾಗಿರಬೇಕು. ನದಿಯ ನೀರು ಬೇಸಿಗೆಯ ಕೊನೆಗೆ ಇಳಿದಾಗ ಮೊಳಕಾಲು ಮಟ್ಟ, ಸೊಂಟಮಟ್ಟ ಎಂದು ನಾವು ಹೇಳುವಷ್ಟರಲ್ಲೇ ಇಡೀ ಸರಕು ಸಾಗಬೇಕಿತ್ತು.

ಆಳದ ಮಾತು ಬಂದದ್ದಕ್ಕೆ ಒಂದು ಸಂತೋಷದ ವಿಷಯ. ನಿಮ್ಮ ಲೇಖನದ ಮುಂದಿನ ಭಾಗದಲ್ಲಿ ಮಿಸಿಸಿಪ್ಪಿ ನದಿಯ ಪ್ರಸ್ತಾಪ ಬಂದರೆ ‘ಫ್ಯಾದಮ್’ ಬಂದೇ ಬರುತ್ತದೆ. ಅದಕ್ಕೆ ಕನ್ನಡದಲ್ಲಿ ‘ಮಾರು’ ಅಂತಲೇ ಇದೆ. ಎರಡು ಕೈಯನ್ನೂ ಚಾಚಿದ ಅಗಲ ಮಾರು. ಇಂಗ್ಲಿಷಿನ ಹಳೆಯ ಪದದ ಮೂಲಾರ್ಥವೂ ಚಾಚಿ ತಬ್ಬಿದ ತೋಳುಗಳೇ. ಎರಡೂ ಸುಮಾರು ಆರು ಅಡಿ. ಅಳೆಯುವ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಎರಡನೇ ಗುರುತಿನ ತನಕ ನೀರಿದ್ದರೆ ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದರು: ಎರಡು ಮಾರು, ಹನ್ನೆರಡು ಅಡಿ, ಹಡಗಿಗೆ ಧಾರಾಳ ನೀರು. 1859ರಲ್ಲಿ ಹಡಗು ನಡೆಸುವ ಪರವಾನಗಿ ಪಡೆದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಆಮೇಲೆ ಇದೇ ಕೂಗನ್ನು ತನ್ನ ಲೇಖಕನಾಮ ಮಾಡಿಕೊಂಡ. ಹೂವಾಡಗಿತ್ತಿಯ ಮಾರು ಮಾತ್ರ ಕೆಲವು ಕಡೆ ಆರಡಿಗೆ ಮುಟ್ಟುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಡ ಬಲದ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಎಡವುತ್ತೀರಿ. ತುಂಗಭದ್ರೆಯ ಎಡದಂಡೆ, ಬಲದಂಡೆ ಕಾಲುವೆಗಳ ಲೆಕ್ಕ ಎಲ್ಲರಿಗೂ ಗೊತ್ತು: ನೀರು ಹರಿಯುವ ಕಡೆಗೆ ಮುಖ ಮಾಡಿದಾಗ ಎಡಕ್ಕಿರುವುದು ಎಡದಂಡೆ. ಯೂಕಾನ್ ನದಿಗೂ ಇದೇ ಲೆಕ್ಕ. ವೈಟ್‌ಹಾರ್ಸ್ ಊರಿನ ಹತ್ತಿರ ನದಿ ಉತ್ತರಕ್ಕೆ ಹರಿಯುವುದರಿಂದ ಪಡುವಣ ದಡ ಎಡದಂಡೆ, ಈಗ ಹಡಗು ನಿಂತಿರುವುದು ಅಲ್ಲಿ. ಹಡಗಿನ ಎಡ ಬಲ ಬೇರೆ, ಅದು ಹಡಗಿನ ಮೂತಿಯನ್ನು ಅನುಸರಿಸುತ್ತದೆ. ಹೊಳೆಗೆ ಎದುರಾಗಿ ಹತ್ತುವಾಗ ಹಡಗಿನ ಬಲಬದಿಗೆ ಎಡದಂಡೆ ಇರುತ್ತದೆ. ಒಂದಕ್ಕೆ ‘ದಂಡೆ’, ಇನ್ನೊಂದಕ್ಕೆ ‘ಬದಿ’ ಎಂದು ಕಟ್ಟುನಿಟ್ಟಾಗಿ ಇಟ್ಟುಕೊಂಡರೆ ಸಾಕು.

‘ಕಟ್ಟಲ್ಪಟ್ಟಿತು’ ಕೂಡ ಬೇಡ. ಕಟ್ಟಿದರು. ಹಾಗೇ ‘ನೆಲಕಚ್ಚಿದಾಗ’ ಎಂದರೆ ಸಿನಿಮಾ ಸೋತಂತೆ ಕೇಳುತ್ತದೆ. ‘ನದಿಯ ತಳಕ್ಕೆ ತಾಗಿ ಒಡೆದಾಗ’ ಎನ್ನಿ.

ಸ್ಥಳನಾಮ ಮುಟ್ಟಬೇಡಿ. ವೈಟ್‌ಹಾರ್ಸ್ ಎಂಬುದು ಅಲ್ಲಿನ ನೊರೆನೀರು ಬಿಳಿಗುದುರೆಯ ಕೇಸರದಂತೆ ಕಂಡದ್ದರಿಂದ ಬಂದ ಹೆಸರು, ಅದನ್ನು ಒಂದು ಸಾಲಿನಲ್ಲಿ ಹೇಳಬಹುದು, ಊರನ್ನೇ ಬಿಳಿಗುದುರೆ ಮಾಡಬಾರದು. ಕ್ಲಾಂಡೈಕ್ ಎಂಬುದು ಅಲ್ಲಿನ ಹಾನ್ ಜನರ ‘ಟ್ರೊಂಡೆಕ್’ ಎಂಬ ಮಾತು ಹೊರಗಿನವರ ಬಾಯಲ್ಲಿ ತಿರುಚಿಕೊಂಡದ್ದು. ಸುತ್ತಿಗೆಯ ನೀರು ಎಂದು ಅರ್ಥ: ಸಾಲ್ಮನ್ ಮೀನು ತಡೆಯುವ ಬೇಲಿಗೆ ಗೂಟಗಳನ್ನು ಸುತ್ತಿಗೆಯಿಂದ ಹೊಡೆದು ನೆಡುತ್ತಿದ್ದ ಹೊಳೆ. ಚಿನ್ನ ಸಿಗುವ ಮೊದಲೇ ಆ ಹೊಳೆಗೆ ಕೆಲಸವೂ ಹೆಸರೂ ಇತ್ತು ಎಂಬುದು ನಿಮ್ಮ ಲೇಖನದಲ್ಲಿ ಬರಬೇಕು.

ಉತ್ತರ 2

ಮೇಲಿನವರು ಯಂತ್ರದ ಭಾಗವನ್ನು ಬಿಟ್ಟುಕೊಟ್ಟದ್ದಕ್ಕೆ ವಂದನೆ.

ಮೊದಲಿಗೆ ಹಂದಿ. ಈ ಸರಪಳಿಗೆ ಹಂದಿಯೊಡನೆ ಇರುವ ಸಂಬಂಧ ಬೆನ್ನಿನದು ಮಾತ್ರ. ಹಂದಿಯ ಬೆನ್ನು ನಡುವೆ ಉಬ್ಬಿ ಎರಡು ತುದಿಗೆ ಇಳಿಜಾರು. ಹಳೆಯ ಹಡಗಿನ ಮೈಯೂ ಹಾಗೆ ಬಾಗಿದಾಗ ಅದಕ್ಕೆ ‘ಹಾಗಿಂಗ್’ ಎಂದರು. ನಾವು ಆ ಬೆನ್ನಿಗೆ ಗೂನು ಎನ್ನುತ್ತೇವೆ. ಹಡಗಿಗೆ ಗೂನು ಬಿತ್ತು ಎಂದರೆ ಸಾಕು. ಇದರ ವಿರುದ್ಧ, ನಡು ಕೆಳಕ್ಕೆ ಬರುವುದಕ್ಕೆ ನಮ್ಮ ಬಡಗಿಗಳ ಮಾತೇ ಇದೆ: ತೊಲೆ ಜಗ್ಗಿತು.

ಹಿಂಚಕ್ರದ ಹಡಗಿಗೆ ಗೂನು ಬೀಳುವುದೇಕೆ ಎಂಬುದು ಗೊತ್ತಾದರೆ ಪದ ತಾನೇ ಸಿಗುತ್ತದೆ. ಹಿಂತುದಿಯಲ್ಲಿ ಚಕ್ರ, ಅದರ ಉಕ್ಕಿನ ಅಚ್ಚು, ಎರಡು ಎಂಜಿನ್, ಎಲ್ಲ ಸೇರಿ ಭಾರವೋ ಭಾರ. ಇದನ್ನು ತೂಗಿಸಲು ಬಾಯ್ಲರನ್ನು ಮುಂದಕ್ಕೆ ಇಡುತ್ತಾರೆ, ಸೌದೆಯೂ ಅಲ್ಲೇ. ಎರಡು ತುದಿಗೂ ಭಾರ ಬಿತ್ತು, ನಡುವಿನ ಭಾಗವನ್ನು ನೀರು ಮೇಲಕ್ಕೆ ಎತ್ತುತ್ತದೆ. ಸಮುದ್ರದ ಹಡಗಾದರೆ ಒಡಲು ಆಳವಾಗಿರುವುದರಿಂದ ತಾನೇ ಬಾಗದೆ ನಿಲ್ಲುತ್ತದೆ. ಇಲ್ಲಿ ಮುಳುಗಾಳ ಕಡಿಮೆ ಇರಲೆಂದು ಒಡಲನ್ನು ಚಪ್ಪಟೆ ಪೆಟ್ಟಿಗೆಯಂತೆ ಮಾಡಿದ್ದಾರೆ, ಹಲಗೆಯ ಹಾಗೆ ಬಾಗುತ್ತದೆ. ಅದಕ್ಕೆ ಒಡಲಿನಿಂದ ಮೇಲಕ್ಕೆ, ಅಂತಸ್ತುಗಳನ್ನು ತೂರಿಕೊಂಡು, ಗಟ್ಟಿ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಯ ಮೇಲಿಂದ ಹಿಂತುದಿಗೂ ಮುಂತುದಿಗೂ ಕಬ್ಬಿಣದ ಬಿಗಿತ ಕೊಟ್ಟು ತುದಿಗಳನ್ನು ಮೇಲಕ್ಕೆ ಎಳೆದು ಹಿಡಿಯುತ್ತಾರೆ. ತೂಗುಸೇತುವೆಯ ಲೆಕ್ಕವೇ. ಹೆಸರು ಸರಪಳಿ ಎಂದಿದ್ದರೂ ಸಾಮಾನ್ಯವಾಗಿ ಅದು ಕೊಂಡಿಗಳ ಸರಪಳಿಯಲ್ಲ, ಉದ್ದನೆಯ ಸರಳು ಅಥವಾ ಉಕ್ಕಿನ ಹಗ್ಗ. ನಡುವೆ ತಿರುಪು ಇರುತ್ತದೆ, ತಿರುಗಿಸಿ ಬಿಗಿ ಮಾಡಬಹುದು, ಸಡಿಲಿಸಬಹುದು. ಆದ್ದರಿಂದ ‘ಗೂನುತಡೆ ಸರಳು’ ಎಂದು ನನ್ನ ಸಲಹೆ. ‘ಬಿಗಿಸರಳು’ ಎಂದರೂ ನಡೆದೀತು.

ಬಿಗಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಒಂದು ಮಾತು ಸೇರಿಸಿ. ಸಡಿಲ ಬಿಟ್ಟರೆ ಹಿಂತುದಿ ಇಳಿದು ಎಂಜಿನ್ನಿಗೂ ಚಕ್ರದ ಅಚ್ಚಿಗೂ ನೇರ ತಪ್ಪುತ್ತದೆ, ಬೇರಿಂಗು ಕಾಯುತ್ತದೆ. ಅತಿಯಾಗಿ ಬಿಗಿದರೆ ಹಲಗೆಗಳ ಸಂದು ಬಾಯಿ ಬಿಟ್ಟು ನೀರು ಒಸರುತ್ತದೆ. ಸರಕು ತುಂಬಿದಾಗ ಒಂದು ಬಿಗಿ, ಖಾಲಿ ಇದ್ದಾಗ ಇನ್ನೊಂದು.

‘ಪಿಟ್‌ಮನ್’ ಮನುಷ್ಯನಲ್ಲ. ಮೂಲದಲ್ಲಿ ಮನುಷ್ಯನೇ: ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು ಇಬ್ಬರು ಗರಗಸ ಎಳೆಯುವಾಗ ಗುಂಡಿಯೊಳಗೆ ನಿಂತು ಪುಡಿ ತಿನ್ನುವವನು. ಗರಗಸಕ್ಕೆ ಯಂತ್ರ ಬಂದಾಗ ಅವನ ಕೆಲಸ ಮಾಡುವ ದಂಡಕ್ಕೆ ಅವನ ಹೆಸರೇ ಬಂತು, ಅಲ್ಲಿಂದ ಹಡಗಿಗೆ. ಎಂಜಿನ್ನಿನ ಹಿಂದೆ ಮುಂದೆ ಓಡಾಟವನ್ನು ಚಕ್ರದ ಸುತ್ತಾಟಕ್ಕೆ ತಿರುಗಿಸುವ ಉದ್ದನೆಯ ತೋಳು ಇದು. ಮೋಟಾರು ಮೆಕ್ಯಾನಿಕ್ಕುಗಳ ‘ಕನೆಕ್ಟಿಂಗ್ ರಾಡ್’ ಇದರ ತಮ್ಮ. ನದಿಹಡಗಿನಲ್ಲಿ ಇದನ್ನು ಹೆಚ್ಚಾಗಿ ಮರದಲ್ಲಿ ಮಾಡಿ, ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದರು. ಹಡಗಿನ ಮೈ ಬಾಗುತ್ತ ಏಳುತ್ತ ಇರುವಾಗ ಮರ ಸ್ವಲ್ಪ ಬಳುಕಿಕೊಡುತ್ತದೆ. ‘ಎಂಜಿನ್ ತೋಳು’ ಎನ್ನಿ. ಪಿಟ್‌ಮನ್ ಪದದ ಕತೆಯನ್ನು ಬೇಕಾದರೆ ಅಡಿಟಿಪ್ಪಣಿಗೆ ಹಾಕಿ.

‘ಕಾಂಪೌಂಡ್ ಎಂಜಿನ್’ ಎಂದು ಬರೆದರೆ ಓದುಗರು ಮನೆಯ ಸುತ್ತಣ ಗೋಡೆ ನೆನೆಯುತ್ತಾರೆ. ಒಂದು ಚಿಕ್ಕ ಸಿಲಿಂಡರಿನಲ್ಲಿ ಹೆಚ್ಚಿನ ಒತ್ತಡದಲ್ಲಿ ದುಡಿದ ಉಗಿಯನ್ನು ಹೊರಗೆ ಬಿಡದೆ ಇನ್ನೊಂದು ದೊಡ್ಡ ಸಿಲಿಂಡರಿಗೆ ಕಳಿಸಿ ಮತ್ತೆ ದುಡಿಸಿಕೊಳ್ಳುವುದು ಇದರ ಗುಟ್ಟು. ‘ಎರಡು ಹಂತದ ಉಗಿ ಎಂಜಿನ್’ ಸಾಕು. ಲಾಭ ಸೌದೆಯಲ್ಲಿ. ಕೊನೆಗೆ ಉಗಿಯ ಮೇಲೆ ನದಿಯ ತಣ್ಣೀರು ಚಿಮ್ಮಿಸಿ ಅದನ್ನು ನೀರಾಗಿಸುತ್ತಾರೆ, ಆಗ ಅಲ್ಲಿ ಗಾಳಿ ಒತ್ತಡವಿಲ್ಲದ ಟೊಳ್ಳು ಉಂಟಾಗಿ ಪಿಸ್ಟನ್ನಿಗೆ ಇನ್ನಷ್ಟು ಎಳೆತ ಸಿಗುತ್ತದೆ.

ಎಡಕ್ಕೊಂದು ಬಲಕ್ಕೊಂದು ಎಂಜಿನ್, ನಡುವೆ ಒಂದೇ ಅಚ್ಚು. ಅಚ್ಚಿನ ಎರಡು ತುದಿಯ ಕ್ರ್ಯಾಂಕುಗಳು, ಅಂದರೆ ತೋಳು ಹಿಡಿದು ತಿರುಗಿಸುವ ಹಿಡಿಗಳು, ಒಂದಕ್ಕೊಂದು 90 ಡಿಗ್ರಿ ತಿರುಗಿ ಕೂತಿರುತ್ತವೆ. ತೋಳು ಕ್ರ್ಯಾಂಕು ಒಂದೇ ಗೆರೆಯಲ್ಲಿ ಬಂದಾಗ ಎಷ್ಟು ಒತ್ತಿದರೂ ಚಕ್ರ ತಿರುಗುವುದಿಲ್ಲ. ಹೊಲಿಗೆ ಯಂತ್ರದ ತುಳಿಮಣೆ ಹಾಗೆ ಸಿಕ್ಕಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಇಂಗ್ಲಿಷಿನಲ್ಲಿ ಇದು ‘ಡೆಡ್ ಸೆಂಟರ್’, ಪಠ್ಯಪುಸ್ತಕದಲ್ಲಿ ‘ಮೃತಬಿಂದು’ ಎಂದು ಕಾಣಬಹುದು. ‘ತಡೆಬಿಂದು’ ಎಂದರೆ ಅರ್ಥ ಬೇಗ ಆಗುತ್ತದೆ. ಒಂದು ಎಂಜಿನ್ ತಡೆಬಿಂದುವಿನಲ್ಲಿದ್ದಾಗ ಇನ್ನೊಂದು ಪೂರ್ತಿ ಬಲದಲ್ಲಿರುತ್ತದೆ.

ಚಕ್ರದ ‘ಬಕೆಟ್’ ನೀರು ತುಂಬುವ ಬಕೆಟ್ಟಲ್ಲ, ಹಲಗೆ. ಜಲಚಕ್ರದ ಕಾಲದ ಪದ ಉಳಿದುಕೊಂಡಿದೆ ಅಷ್ಟೆ. ‘ಚಕ್ರದ ಹಲಗೆಗಳು’ ಎಂದು ಬರೆಯಿರಿ. ತೇಲಿ ಬಂದ ದಿಮ್ಮಿ ಬಡಿದಾಗ ಮುರಿಯಬೇಕಾದದ್ದು ಹಲಗೆ, ಚಕ್ರದ ಕೈಗಳಲ್ಲ. ಹಲಗೆಯನ್ನು ಬೋಲ್ಟಿನಿಂದ ಮಾತ್ರ ಕಟ್ಟಿರುತ್ತಾರೆ, ಬದಲಿ ಹಲಗೆ ಹಡಗಿನಲ್ಲೇ ಇರುತ್ತದೆ, ದಡಕ್ಕೆ ಹಚ್ಚಿ ಹಾಕಿಕೊಂಡು ಹೊರಡಬಹುದು. ಚಕ್ರ ಹಿಂದಿರುವುದರ ಒಂದು ಅನುಕೂಲವೂ ಇದೇ: ಒಡಲಿನ ಮರೆಯಲ್ಲಿರುವುದರಿಂದ ನೀರಿನೊಳಗಿನ ಕೊರಡುಗಳು ಮೊದಲು ಒಡಲಿಗೆ ತಾಗುತ್ತವೆ. ಪಕ್ಕಚಕ್ರದ ಹಡಗು ಕಿರಿದಾದ ಹೊಳೆಯಲ್ಲಿ ದಡಕ್ಕೆ ಉಜ್ಜಿಕೊಳ್ಳುತ್ತದೆ, ಸರಕಿನ ಅಗಲವನ್ನೂ ತಿನ್ನುತ್ತದೆ. ತಿರುಗಿಸುವುದರಲ್ಲಿ ಮಾತ್ರ ಪಕ್ಕಚಕ್ರದ್ದೇ ಮೇಲುಗೈ. ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ ಓಡಿಸಿದರೆ ನಿಂತಲ್ಲೇ ತಿರುಗುತ್ತದೆ.

ಹಿಂಚಕ್ರದವರು ಇದಕ್ಕೆ ಬೇರೆ ಉಪಾಯ ಕಂಡುಕೊಂಡರು. ಚಕ್ರದ ಮುಂದೆಯೇ, ಒಡಲಿನ ಅಡಿಯಲ್ಲಿ, ಒಂದರ ಪಕ್ಕ ಒಂದು ಹಲವು ಚುಕ್ಕಾಣಿ. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಅದು ನೀರನ್ನು ನೇರವಾಗಿ ಚುಕ್ಕಾಣಿಗಳ ಮೇಲೆ ಎರಚುತ್ತದೆ, ಹಡಗು ಮುಂದೆ ಹೋಗದಿದ್ದರೂ ಹಿಂತುದಿ ಪಕ್ಕಕ್ಕೆ ಸರಿಯುತ್ತದೆ. ಇಳಿನೀರಿನಲ್ಲಿ ಬರುವಾಗ ಇದು ಜೀವ ಉಳಿಸುವ ವಿದ್ಯೆ. ಹಡಗೂ ನೀರೂ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಚುಕ್ಕಾಣಿಗೆ ನೀರು ತಾಗುವುದೇ ಇಲ್ಲ, ತಿರುವಿನಲ್ಲಿ ಹಡಗು ಕಟ್ಟಿಗೆಯಂತೆ ತೇಲಿ ದಡಕ್ಕೆ ಹೋಗುತ್ತದೆ. ಆಗ ಚಕ್ರ ಹಿಂದಕ್ಕೆ ಓಡಿಸಿ, ನೀರಿಗಿಂತ ನಿಧಾನವಾಗಿ, ಮಗ್ಗುಲು ಮಾಡಿಕೊಂಡು ತಿರುವು ದಾಟುತ್ತಾರೆ. ಇಂಗ್ಲಿಷಿನ ‘ಫ್ಲ್ಯಾಂಕಿಂಗ್’ಗೆ ‘ಮಗ್ಗುಲಾಗಿ ಇಳಿಯುವುದು’ ಎನ್ನಬಹುದು.

‘ಬಾರ್‌ಗೆ ಸಿಕ್ಕಿಕೊಂಡರೆ’ ಓದಿ ನಕ್ಕೆ. ಮರಳುದಿಣ್ಣೆ. ಅದನ್ನು ದಾಟಲು ಎರಡು ದಾರಿ. ಒಂದು, ಚಕ್ರವನ್ನೇ ತಿರುಗಿಸಿ ನೀರಿನ ರಭಸದಿಂದ ಅಡಿಯ ಮರಳನ್ನು ಕೊಚ್ಚುವುದು. ಇನ್ನೊಂದು ನಿಮ್ಮ ಮಿಡತೆ. ಮೂತಿಯ ಎರಡು ಬದಿಗೆ ಉದ್ದನೆಯ ದಪ್ಪ ಗಳಗಳನ್ನು ನಿಲ್ಲಿಸಿರುತ್ತಾರೆ. ಅವನ್ನು ಸ್ವಲ್ಪ ಓರೆಯಾಗಿ ತಳಕ್ಕೆ ಊರಿ, ಗಳದ ತಲೆಯಿಂದ ಬಂದ ಹಗ್ಗವನ್ನು ಸುತ್ತುಯಂತ್ರಕ್ಕೆ ಹಾಕಿ ಬಿಗಿಯುತ್ತಾರೆ. ಮೂತಿ ಮೇಲೆದ್ದಿತು. ಆಗಲೇ ಚಕ್ರ ಮುಂದಕ್ಕೆ ಓಡಿಸಿದರೆ ಹಡಗು ಗಳದ ಮೇಲಿಂದ ಒಂದು ಹೆಜ್ಜೆ ಎಗರಿ ಬೀಳುತ್ತದೆ. ಗಳ ಕಿತ್ತು ಮತ್ತೆ ಊರುವುದು, ಮತ್ತೆ ಎಗರುವುದು. ಊರಿದ ಗಳ ಮಿಡತೆಯ ಕಾಲಿನಂತೆ ಕಾಣುತ್ತಿತ್ತು, ಅದಕ್ಕೆ ಆ ಹೆಸರು. ನಮ್ಮ ಅಂಬಿಗರೂ ಗಳ ಊರಿ ದಬ್ಬುತ್ತಾರಲ್ಲ, ‘ಗಳ ಊರಿ ದಾಟಿಸುತ್ತಿದ್ದರು’ ಎಂದರೆ ಸಹಜವಾಗಿರುತ್ತದೆ. ಗಳ ತಳದ ಕೆಸರಿನಲ್ಲಿ ಹೂತುಹೋದರೆ ಎತ್ತುವ ಬಲ ಸಿಗುವುದಿಲ್ಲ. ಹಗ್ಗ ಹರಿದರೆ ಮೂತಿಯ ಮೇಲೆ ನಿಂತವರಿಗೆ ಅಪಾಯ.

ಯೂಕಾನಿನ ಫೈವ್ ಫಿಂಗರ್ ಎಂಬಲ್ಲಿ ನಾಲ್ಕು ಬಂಡೆಗಳು ನದಿಯನ್ನು ಐದು ಕವಲು ಮಾಡಿವೆ. ಹಡಗುಗಳು ಹೋಗುತ್ತಿದ್ದುದು ಪೂರ್ವದ ಕವಲಿನಲ್ಲಿ. ಇಳಿಯುವಾಗ ಒಂದು ಉಸಿರಿನ ಕೆಲಸ. ಹತ್ತುವಾಗ ಚಕ್ರದ ಬಲ ಸಾಲದೆ, ಮೇಲುಗಡೆ ಬಂಡೆಗೆ ಕಟ್ಟಿದ ಉಕ್ಕಿನ ಹಗ್ಗವನ್ನು ಹಡಗಿನ ಸುತ್ತುಯಂತ್ರಕ್ಕೆ ಹಾಕಿ ತನ್ನನ್ನು ತಾನೇ ಎಳೆದುಕೊಳ್ಳಬೇಕಿತ್ತು. ‘ಹಗ್ಗ ಹಿಡಿದು ಏರುವುದು’ ಎಂದು ಬರೆಯಿರಿ. ರ‍್ಯಾಪಿಡ್ಸ್‌ಗೆ ಜಲಪಾತ ಎನ್ನಬೇಡಿ, ನೀರು ಬೀಳುವುದಿಲ್ಲ, ‘ಬಂಡೆಗಳ ನಡುವಿನ ಸೆಳವು’ ಸರಿ.

ಮಿಸಿಸಿಪ್ಪಿಯ ಹಳೆಯ ಹಡಗುಗಳ ಚಿತ್ರದಲ್ಲಿ ‘ಡಾಕ್ಟರ್’ ಎಂಬ ಭಾಗ ಸಿಕ್ಕರೆ ವೈದ್ಯ ಎಂದು ಅನುವಾದಿಸಬೇಡಿ. ಮೊದಮೊದಲು ಬಾಯ್ಲರಿಗೆ ನೀರು ತುಂಬುವ ಪಂಪು ಮುಖ್ಯ ಎಂಜಿನ್ನಿಗೇ ಕಟ್ಟಿಕೊಂಡಿತ್ತು. ಹಡಗು ದಡದಲ್ಲಿ ನಿಂತರೆ ಪಂಪೂ ನಿಂತು, ಬಾಯ್ಲರಿನಲ್ಲಿ ನೀರು ತಗ್ಗಿ, ತಗಡು ಕೆಂಪಗೆ ಕಾದು ಸ್ಫೋಟಕ್ಕೆ ದಾರಿಯಾಗುತ್ತಿತ್ತು. ತಾನಾಗಿ ಓಡುವ ಪ್ರತ್ಯೇಕ ಪಂಪು ಬಂದು ಈ ರೋಗ ವಾಸಿ ಮಾಡಿತೆಂದು ಅದನ್ನು ಡಾಕ್ಟರ್ ಎಂದರು. ‘ಡಾಕ್ಟರ್ ಪಂಪು’ ಎಂದೇ ಉಳಿಸಿ, ತಮಾಷೆ ಕನ್ನಡದಲ್ಲೂ ಉಳಿಯುತ್ತದೆ.

ಉತ್ತರ 3

ಉಳಿದ ಮೂರಕ್ಕೆ ಚಿಕ್ಕದಾಗಿ.

ಕಾರ್ಡ್: ಕನ್ನಡದಲ್ಲಿ ಇದು ರೇಷನ್ ಕಾರ್ಡು. ಮೂಲದಲ್ಲಿ ಸೌದೆ ಒಟ್ಟಿದ್ದನ್ನು ಹಗ್ಗದಿಂದ ಅಳೆಯುತ್ತಿದ್ದರು, ಆ ಹಗ್ಗವೇ ಅಳತೆಯ ಹೆಸರಾಯಿತು. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒಟ್ಟಿದ ಸೌದೆ ಒಂದು ಕಾರ್ಡ್. 128 ಘನ ಅಡಿ, ಸುಮಾರು 3.6 ಘನ ಮೀಟರ್. ಸಂದಿನ ಗಾಳಿಯೂ ಅದರಲ್ಲೇ ಸೇರಿದೆ, ಹಾಗಾಗಿ ಸೊಟ್ಟ ಸೌದೆ ಒಟ್ಟಿದವನಿಗೆ ಲಾಭ. ನಮ್ಮಲ್ಲಿ ಸೌದೆ ತೂಕಕ್ಕೆ, ಇಲ್ಲವೇ ಗಾಡಿ ಲೆಕ್ಕಕ್ಕೆ. ‘ಒಟ್ಟಿಲು’ ಎಂಬ ಹಳೆಯ ಪದ ಇದೆ; “ಒಟ್ಟಿಲು ಲೆಕ್ಕದಲ್ಲಿ” ಎಂದು ಬರೆದು ಒಮ್ಮೆ ಅಳತೆ ಕೊಡಿ. ವೈಟ್‌ಹಾರ್ಸಿನಿಂದ ಕೆಳಗಿನ ಡಾಸನ್ ಊರಿಗೆ ಸುಮಾರು 740 ಕಿ.ಮೀ. ಇಳಿಯುವಾಗ ಒಂದೂವರೆ ದಿನ, ಸೌದೆಗೆ ಒಂದೋ ಎರಡೋ ಕಡೆ ನಿಂತರೆ ಆಯಿತು. ಹತ್ತುವಾಗ ನಾಲ್ಕೈದು ದಿನ, ಆರು ಕಡೆ ಸೌದೆ. ನಿಲುಗಡೆ ಸೇರಿಸಿ ಭಾಗಿಸಿದರೆ ಇಳಿಯುವಾಗ ಗಂಟೆಗೆ 20 ಕಿ.ಮೀ., ಹತ್ತುವಾಗ 7ರ ಆಸುಪಾಸು. ಲೇಖನದಲ್ಲಿ ‘ಹಡಗಿನ ವೇಗ’ ಎಂದು ಬರೀ ಒಂದು ಅಂಕಿ ಕೊಟ್ಟರೆ ಅದಕ್ಕೆ ಅರ್ಥವಿಲ್ಲ, ಇಳಿನೀರೋ ಎದುರುನೀರೋ ಹೇಳಲೇಬೇಕು.

ಟನ್: 300 ಟನ್ ಎಂಬುದು ಅಲ್ಲಿನ 2,000 ಪೌಂಡಿನ ಟನ್. ನಮ್ಮ ಮೆಟ್ರಿಕ್ ಲೆಕ್ಕದಲ್ಲಿ 272. ಇದಕ್ಕೂ ಮೊದಲಿನ ಹಡಗುಗಳಿಗಿಂತ ಅರ್ಧದಷ್ಟು ಹೆಚ್ಚು, ಅದೂ ಮುಂದೆ ಬಾರ್ಜ್ (ಸರಕಿನ ಚಪ್ಪಟೆ ದೋಣಿ) ತಳ್ಳದೆ. ಹಡಗಿನ ದಾಖಲೆಯಲ್ಲಿ ‘ಗ್ರಾಸ್ ಟನ್’ ಎಂದು ಇನ್ನೊಂದು ಅಂಕಿ ಕಂಡರೆ ಅದನ್ನು ತೂಕ ಎಂದುಕೊಳ್ಳಬೇಡಿ. ಅದು ಒಳಗಿನ ಜಾಗದ ಅಳತೆ, 100 ಘನ ಅಡಿಗೆ ಒಂದು. ಟನ್ ಎಂಬುದರ ಮೂಲ ದ್ರಾಕ್ಷಾರಸದ ದೊಡ್ಡ ಪೀಪಾಯಿ. ತೂಕವೂ ಜಾಗವೂ ಅದೇ ಪೀಪಾಯಿಯಿಂದ ಹೊರಟು ಬೇರೆ ದಾರಿ ಹಿಡಿದವು. ಮೇಲಕ್ಕೆ ಬರುವಾಗಿನ ಮುಖ್ಯ ಸರಕು ಮೇಯೊ ಎಂಬ ಗಣಿಸೀಮೆಯ ಬೆಳ್ಳಿ ಸೀಸದ ಅದಿರು, ಚೀಲಗಳಲ್ಲಿ. ‘ಅದಿರು’ ಎನ್ನಿ, ‘ಬೆಳ್ಳಿ’ ಎಂದು ಬಿಡಬೇಡಿ.

‘ದಾರಿಗಳ ಮೇಲೆ’: ಇಂಗ್ಲಿಷಿನ ‘ವೇಸ್’ ಇಲ್ಲಿ ಜಾರುತೊಲೆಗಳು. ಹೊಳೆ ಹೆಪ್ಪುಗಟ್ಟಿದರೆ ಮಂಜುಗಡ್ಡೆ ಒಡಲನ್ನು ಹಿಸುಕುತ್ತದೆ. ಅದಕ್ಕೆ ಹಡಗನ್ನು ಅಡ್ಡಲಾಗಿ, ಜಿಡ್ಡು ಸವರಿದ ತೊಲೆಗಳ ಮೇಲೆ ದಡಕ್ಕೆ ಎಳೆಯುತ್ತಿದ್ದರು. ವಸಂತದಲ್ಲಿ ನದಿ ಕರಗಿದ ಮೇಲೂ ಸುಮಾರು 50 ಕಿ.ಮೀ. ಉದ್ದದ ಲಾಬಾರ್ಜ್ ಸರೋವರ ಗಡ್ಡೆಯಾಗಿಯೇ ಇರುತ್ತಿತ್ತು. ಮೇಲುಗಡೆ ಮಾರ್ಷ್ ಸರೋವರದ ಕಟ್ಟೆಯಿಂದ ನೀರು ಬಿಟ್ಟು, ಗಡ್ಡೆಯ ಮೇಲೆ ಮಸಿ ಚೆಲ್ಲಿ ಬಿಸಿಲನ್ನು ಹೀರಿಸಿ, ದಾರಿ ಬೇಗ ತೆರೆಯುವಂತೆ ನೋಡಿಕೊಳ್ಳುತ್ತಿದ್ದರು.

ಜಾರುತೊಲೆಯ ಪದ ಕೊನೆಯಲ್ಲೂ ಬೇಕಾಗುತ್ತದೆ. ಮೇಯೊಗೆ ರಸ್ತೆ ಬಂದು ಸರಕು ಲಾರಿಗೆ ಹೋಯಿತು, ಹಡಗನ್ನು ಕೆಲಕಾಲ ಪ್ರವಾಸಿಗಳಿಗೆ ಓಡಿಸಿ 1955ರಲ್ಲಿ ದಡಕ್ಕೆ ಎಳೆದರು. 1966ರಲ್ಲಿ ಈಗಿನ ಜಾಗಕ್ಕೆ ಊರೊಳಗೇ ಸಾಗಿಸುವಾಗ ಮೂರು ಬುಲ್ಡೋಜರ್, ಹನ್ನೆರಡು ಆಳು, ಮೂರು ವಾರ, ಜೊತೆಗೆ ತೊಲೆ ಜಾರಲೆಂದು ಎಂಟು ಟನ್ ಪಾಮೋಲಿವ್ ಸಾಬೂನು ಹಿಡಿಯಿತು. ಮಕ್ಕಳಿಗೆ ನೆನಪಿರುವುದು ಇದೊಂದೇ ಇರಬಹುದು, ಬಿಡಬೇಡಿ.

ಕೇಳಿದವರಿಂದ

ಮೂವರಿಗೂ ವಂದನೆಗಳು. ತಿದ್ದಿದ್ದು ಹೀಗಿದೆ:

“ಎಸ್.ಎಸ್. ಕ್ಲಾಂಡೈಕ್ 64 ಮೀಟರ್ ಉದ್ದದ, ಹಿಂಬದಿಯಲ್ಲಿ ಚಕ್ರವಿರುವ ಉಗಿಹಡಗು. ಮೊದಲನೆಯದನ್ನು 1929ರಲ್ಲಿ ಕಟ್ಟಿದರು. 1936ರಲ್ಲಿ ಅದು ನದಿಯ ತಳಕ್ಕೆ ತಾಗಿ ಒಡೆದಾಗ ಅದರ ಎಂಜಿನ್, ಬಾಯ್ಲರ್‌ಗಳನ್ನು ಬಿಚ್ಚಿ ತಂದು ಅಂಥದ್ದೇ ಇನ್ನೊಂದನ್ನು 1937ರಲ್ಲಿ ನೀರಿಗಿಳಿಸಿದರು. ಸರಕು ತುಂಬಿದರೂ ಅದರ ತಳ ನೀರಿನಲ್ಲಿ ಬಹಳ ಆಳ ಮುಳುಗುತ್ತಿರಲಿಲ್ಲ. ಈ ಮುಳುಗಾಳ ಕಡಿಮೆ ಇರಲೆಂದೇ ಒಡಲು ಚಪ್ಪಟೆ. ಚಪ್ಪಟೆ ಒಡಲಿಗೆ ಗೂನು ಬೀಳದಿರಲು ಕಂಬಗಳ ಮೇಲಿಂದ ಗೂನುತಡೆ ಸರಳುಗಳು. ಎರಡು ಹಂತದ ಉಗಿ ಎಂಜಿನ್‌ಗಳು ಮರದ ತೋಳುಗಳಿಂದ ಚಕ್ರ ತಿರುಗಿಸಿದರೆ ಚಕ್ರದ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ಮರಳುದಿಣ್ಣೆಗೆ ಸಿಕ್ಕಿಕೊಂಡ ನದಿಹಡಗನ್ನು ಗಳ ಊರಿ ದಾಟಿಸುವುದೂ ಇತ್ತು. ದಾರಿಯುದ್ದಕ್ಕೂ ದಡದಲ್ಲಿ ಒಟ್ಟಿಲು ಲೆಕ್ಕದಲ್ಲಿ ಸೌದೆ ಸಿಗುತ್ತಿತ್ತು. ಚಳಿಗಾಲ ಬಂದರೆ ಹಡಗು ಜಾರುತೊಲೆಗಳ ಮೇಲೆ ದಡ ಹತ್ತುತ್ತಿತ್ತು.”

ಒಂದೇ ಅನುಮಾನ ಉಳಿದಿದೆ. ಹಡಗಿನ ಮಲಗುವ ಕೋಣೆಗೆ ಇಂಗ್ಲಿಷಿನಲ್ಲಿ ‘ಸ್ಟೇಟ್‌ರೂಮ್’ ಎನ್ನುತ್ತಾರೆ. ಮಿಸಿಸಿಪ್ಪಿಯ ಹಡಗುಗಳಲ್ಲಿ ಕೋಣೆಗಳಿಗೆ ಅಮೆರಿಕದ ರಾಜ್ಯಗಳ ಹೆಸರಿಟ್ಟಿದ್ದರಿಂದ ಆ ಪದ ಬಂತು ಎಂದು ಹಲವರು ಬರೆದಿದ್ದಾರೆ. ಸೇರಿಸಲೇ?

ಉತ್ತರ 1 ಬರೆದವರಿಂದ

ಬೇಡ. ಉಗಿಹಡಗು ಹುಟ್ಟುವುದಕ್ಕೂ ಮೊದಲು, 17ನೇ ಶತಮಾನದಲ್ಲೇ ಆ ಪದ ಇತ್ತು. ಅಲ್ಲಿ ‘ಸ್ಟೇಟ್’ ಎಂದರೆ ವೈಭವ, ರಾಜ್ಯವಲ್ಲ. ಫುಲ್ಟನ್ನನ ಉಗಿಹಡಗು ಹಡ್ಸನ್ ನದಿಗೆ ಇಳಿದದ್ದೇ 1807ರಲ್ಲಿ. ‘ಮಲಗುವ ಕೋಣೆ’ ಎಂದರೆ ಸಾಕು. ಮತ್ತೆ, ‘ಮರದ ತೋಳುಗಳಿಂದ’ ಎನ್ನುವ ಕಡೆ ‘ಎಂಜಿನ್’ ಬಿಟ್ಟುಹೋಗಿದೆ, ಹಾಕಿಬಿಡಿ. ಇಲ್ಲದಿದ್ದರೆ ಹಿಂಗಾಲು ಹೋಗಿ ಮರದ ಕೈ ಬಂತು ಎನ್ನುತ್ತಾರೆ.